ಸರ್ಕಾರಿ ಪಿಸ್ತೂಲು ವಾಪಸ್ ಕೊಟ್ಟಾಯ್ತು, ಇನ್ನು ಸ್ವಂತಕ್ಕೆ ಯಾವುದು? .32 ರಿವಾಲ್ವರೋ, .32 ಪಿಸ್ತೂಲೋ?

ಕೌಲ್‌ಬಜಾರ್ ನಿವೃತ್ತ

ಎಲ್ಲರಿಗೂ ನಮಸ್ಕಾರ. ಪೊಲೀಸ್ ಇಲಾಖೆಯಿಂದ ನಿವೃತ್ತಿ ಆಗಿ ಬಳ್ಳಾರಿಯಲ್ಲೇ ಇದ್ದೇನೆ. ಕುಡತಿನಿ ಕಡೆ ಹೊಲ ಇದೆ, ಅಲ್ಲೇ ಒಂದು ಮನೆ ಕಟ್ಟಿಸಿದ್ದೇವೆ. ರಾತ್ರಿ ಆದರೆ ಸುತ್ತಮುತ್ತ ಒಂದು ನರಪಿಳ್ಳೆ ಇರುವುದಿಲ್ಲ. ಹಳೆ ಕೇಸಿನ ಕೆಲವರು ಇನ್ನೂ ಸಂತೆಯಲ್ಲಿ ಸಿಕ್ಕರೆ ಗುರುತು ಹಿಡಿದು ನಗುತ್ತಾರೆ. ಆ ನಗು ಎಂಥದ್ದು ಅಂತ ಡ್ಯೂಟಿ ಮಾಡಿದವರಿಗೆ ಗೊತ್ತು. ಡೀಸಿ ಆಫೀಸಿಗೆ ಲೈಸೆನ್ಸ್ ಅರ್ಜಿ ಕೊಟ್ಟಿದ್ದೇನೆ, ಪೊಲೀಸ್ ವರದಿಯೂ ಹೋಗಿದೆ.

ನನ್ನ ಪ್ರಶ್ನೆ ಇಷ್ಟೇ. ಸರ್ವೀಸಿನಲ್ಲಿ ಮೊದಲು .38 ರಿವಾಲ್ವರ್ ಸೊಂಟದಲ್ಲಿತ್ತು, ಆಮೇಲೆ 9 ಎಂಎಂ ಪಿಸ್ತೂಲು. ಇವೆರಡೂ ಸಾರ್ವಜನಿಕರಿಗೆ ಸಿಗುವುದಿಲ್ಲ ಅಂತ ಗೊತ್ತು. ಉಳಿದಿರೋದು .32 (ನಳಿಗೆಯ ಅಳತೆ, ಇಂಚಿನಲ್ಲಿ). ಅದರಲ್ಲಿ ರಿವಾಲ್ವರ್ ತಗೊಳ್ಳಲಾ, ಪಿಸ್ತೂಲ್ ತಗೊಳ್ಳಲಾ? ಬೆಲೆ, ಬ್ರ್ಯಾಂಡಿನ ಮಾತು ಆಮೇಲೆ. ಇಟ್ಟುಕೊಂಡು ಬಾಳಿದವರು ಹೇಳಿ. ಅಂಗಡಿಯವರ ಮಾತು ಕೇಳಿ ಕೇಳಿ ಸಾಕಾಗಿದೆ, ಅವರ ಹತ್ತಿರ ಯಾವುದು ಸ್ಟಾಕ್ ಇದೆಯೋ ಅದೇ ಚೆನ್ನಾಗಿದೆ.

ತೋರಣಗಲ್ಲು ಹುಡುಗ

ಸರ್, .32 ಅಂದರೆ ಆಟಿಕೆ ಅಲ್ವಾ? ಇಷ್ಟು ವರ್ಷ 9 ಎಂಎಂ ಇಟ್ಟುಕೊಂಡವರು ಈಗ ಅದಕ್ಕೆ ಇಳಿಯೋದಾ? ನಿವೃತ್ತ ಪೊಲೀಸರಿಗೆ ಏನಾದರೂ ವಿಶೇಷ ಅನುಮತಿ ಇರಬೇಕಲ್ವಾ. ಅಮೆರಿಕದಲ್ಲಿ ರಿಟೈರ್ ಆದವರು ಡ್ಯೂಟಿ ಗನ್ನೇ ಸ್ವಂತಕ್ಕೆ ತಗೊಂಡು ಹೋಗೋದನ್ನ ಓದಿದ್ದೇನೆ.

ಕೌಲ್‌ಬಜಾರ್ ನಿವೃತ್ತ

ತಮ್ಮಾ, ಅದು ಅಮೆರಿಕ. ಇಲ್ಲಿ ನಿವೃತ್ತಿ ದಿನ ಆಯುಧ, ಮ್ಯಾಗಜಿನ್, ಗುಂಡು, ಲ್ಯಾನ್ಯಾರ್ಡ್ ಹಗ್ಗ ಸಮೇತ ಎಣಿಸಿ ಒಪ್ಪಿಸಿ, ಬಾಕಿ ಏನೂ ಇಲ್ಲ ಅಂತ ಬರೆಸಿಕೊಂಡರೇನೇ ಪಿಂಚಣಿ ಕಾಗದ ಮುಂದೆ ಹೋಗೋದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಕೊಡದ ನಳಿಗೆ ಅಳತೆ, ಅಂತ ಒಂದು ವರ್ಗ ಇದೆ. ಸೇನೆ, ಪೊಲೀಸಿನ ಗುಂಡು ಹಾಕಿ ಹಾರಿಸಬಹುದಾದ ಆಯುಧಗಳೆಲ್ಲ ಅದರೊಳಗೆ ಬರುತ್ತವೆ. 9 ಎಂಎಂ ಅಲ್ಲೇ, ನಮ್ಮ ಠಾಣೆಯ .38 ಕೂಡ ಅಲ್ಲೇ, .303 ರೈಫಲ್ಲೂ ಅಲ್ಲೇ. ಅದಕ್ಕೆ ಲೈಸೆನ್ಸ್ ಕೊಡೋದು ಕೇಂದ್ರ ಗೃಹ ಇಲಾಖೆ, ಡೀಸಿ ಸಾಹೇಬರ ಕೈಯಲ್ಲಿಲ್ಲ. ನಾನೊಬ್ಬ ಸಾಮಾನ್ಯ ಪಿಂಚಣಿದಾರ, ದಿಲ್ಲಿಗೆ ಅರ್ಜಿ ಬರೆಯೋಷ್ಟು ಶತ್ರುಗಳು ನನಗಿಲ್ಲ.

ಕೋತ್ ಮಾಸ್ತರ, ಕೊಪ್ಪಳ

ಸಾಹೇಬ್ರೆ ನಮಸ್ಕಾರ. ನಾನು ಸಶಸ್ತ್ರ ಪಡೆಯಲ್ಲಿ ಆರ್ಮರರ್, ಅಂದರೆ ಆಯುಧ ನೋಡಿಕೊಳ್ಳುವ ಕೆಲಸ ಮಾಡಿದವನು, ಈಗ ಮನೆಯಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನೀವು ಕೇಳಿದ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ಸರ್ವೀಸಿನಲ್ಲಿ ನಿಮ್ಮ ಪಿಸ್ತೂಲನ್ನು ಒರೆಸಿದವರು ಯಾರು? ಸ್ಪ್ರಿಂಗ್ ಬದಲಾಯಿಸಿದವರು ಯಾರು? ಗುಂಡು ಹಳೆಯದಾಯ್ತು ಅಂತ ಪ್ರಾಕ್ಟೀಸಿಗೆ ಕಳಿಸಿ ಹೊಸ ಲಾಟ್ ಕೊಟ್ಟವರು ಯಾರು? ನಾವು. ಕೋತಿನಲ್ಲಿ, ಅಂದರೆ ಆಯುಧದ ಕೋಣೆಯಲ್ಲಿ ಕೂತವರು. ಎಷ್ಟೋ ಅಧಿಕಾರಿಗಳು ಬೆಳಗ್ಗೆ ಸಹಿ ಹಾಕಿ ತಗೊಂಡು ರಾತ್ರಿ ಸಹಿ ಹಾಕಿ ವಾಪಸ್ ಕೊಡುತ್ತಿದ್ದರು. ನಡುವೆ ಅದು ಹೋಲ್‌ಸ್ಟರಿನಿಂದ ಹೊರಗೆ ಬಂದಿದ್ದೇ ಇಲ್ಲ. ತಪ್ಪಲ್ಲ ಅದು, ವ್ಯವಸ್ಥೆ ಇದ್ದಿದ್ದೇ ಹಾಗೆ. ಆದರೆ ವರ್ಷಗಟ್ಟಲೆ ಆಯುಧ ಇಟ್ಟುಕೊಂಡಿದ್ದೇನೆ ಅನ್ನೋದು ಬೇರೆ, ಆಯುಧ ನೋಡಿಕೊಂಡಿದ್ದೇನೆ ಅನ್ನೋದು ಬೇರೆ. ಸ್ವಂತದ್ದು ಬಂದ ದಿನದಿಂದ ಕೋತ್ ಮಾಸ್ತರನೂ ನೀವೇ, ಸೆಂಟ್ರಿಯೂ ನೀವೇ, ಲೆಕ್ಕದ ರೈಟರೂ ನೀವೇ. ಅದನ್ನ ಮನಸ್ಸಲ್ಲಿಟ್ಟುಕೊಂಡು ಆರಿಸಿ.

ಅದಕ್ಕೇ ನನ್ನ ವೋಟು ರಿವಾಲ್ವರಿಗೆ. ಕಾರಣ ಹೇಳುತ್ತೇನೆ.

ತೋಟಾ, ಅಂದರೆ ಕಾಡತೂಸು, ಕೈಕೊಟ್ಟರೆ ರಿವಾಲ್ವರಿನಲ್ಲಿ ಇನ್ನೊಮ್ಮೆ ಟ್ರಿಗರ್ ಒತ್ತಿದರೆ ಸಾಕು, ತೋಟಾ ತುಂಬುವ ಸಿಲಿಂಡರ್ ತಿರುಗಿ ಮುಂದಿನ ತೋಟಾ ಬರುತ್ತದೆ. ಪಿಸ್ತೂಲಿನಲ್ಲಿ ಹಾರದ ತೋಟಾ ನಳಿಗೆಯ ಹಿಂದಿನ ಗೂಡಾದ ಚೇಂಬರಿನಲ್ಲೇ ಕೂತಿರುತ್ತದೆ. ಎಡಗೈಯಲ್ಲಿ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಎಳೆದು ಅದನ್ನು ಹೊರಗೆ ಎಸೆದು ಇನ್ನೊಂದನ್ನು ಒಳಗೆ ತರಬೇಕು. ಕತ್ತಲೆಯಲ್ಲಿ, ಎದೆ ಡವಡವ ಅನ್ನುವಾಗ, ಅರವತ್ತು ದಾಟಿದ ಬೆರಳಲ್ಲಿ ಆ ಕೆಲಸ ಆಗಬೇಕು. .32 ಪಿಸ್ತೂಲುಗಳಲ್ಲಿ ಬಹುತೇಕ ಬ್ಲೋಬ್ಯಾಕ್. ಅಂದರೆ ಲಾಕ್ ಇರುವುದಿಲ್ಲ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ಹಿಂದಕ್ಕೆ ಬರುವ ಒತ್ತಡವನ್ನು ತಡೆಯಬೇಕು. ಹಾಗಾಗಿ ಗುಂಡು ಚಿಕ್ಕದಾದರೂ ಸ್ಪ್ರಿಂಗ್ ಗಟ್ಟಿ. ನೀವು ಬಳಸಿದ 9 ಎಂಎಂ 1ಎ, ಇಶಾಪುರ ಕಾರ್ಖಾನೆಯದ್ದು, ಬ್ರೌನಿಂಗ್ ಹೈ ಪವರ್ ಮಾದರಿಯಲ್ಲಿ ಮಾಡಿದ್ದು, ಅದು ಲಾಕ್ ಆಗುವ ಬ್ಯಾರೆಲ್ಲು. ಅದರ ಸ್ಲೈಡ್ ಎಳೆದು ಅಭ್ಯಾಸ ಇದ್ದವರು ಚಿಕ್ಕ .32 ಕೈಗೆ ತಗೊಂಡರೆ ಇದ್ಯಾಕೆ ಇಷ್ಟು ಬಿಗಿ ಅಂತ ಕೇಳುತ್ತಾರೆ.

ರಿವಾಲ್ವರಿನಲ್ಲಿ ತುಂಬಿದೆಯೋ ಇಲ್ಲವೋ ನೋಡೋದೂ ಸುಲಭ. ಕಾನ್ಪುರ ಕಾರ್ಖಾನೆಯ ಹಳೆ ಮಾದರಿ .32 ಹ್ಯಾಮರ್ ಹತ್ತಿರದ ಲಾಚ್ ಒತ್ತಿದರೆ ನಡು ಮುರಿದು ಬ್ಯಾರೆಲ್ ಕೆಳಗೆ ಬಾಗುತ್ತದೆ, ಆರೂ ತೋಟಾ ಒಟ್ಟಿಗೆ ಮೇಲೆ ಏಳುತ್ತವೆ. ವೆಬ್ಲಿ ಮಾದರಿಯ ಹಳೆ ವಿನ್ಯಾಸ ಅದು. 2023ರಲ್ಲಿ ಬಂದ ಪ್ರಬಲ್ ಅನ್ನೋ ರಿವಾಲ್ವರಿನಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ಕೈಗೆ ಅದು ಇನ್ನೂ ಚೆನ್ನ.

ಕೊರತೆಯೂ ಇದೆ. ಟ್ರಿಗರ್ ಭಾರ. ಹ್ಯಾಮರ್ ಎಳೆಯದೆ ನೇರ ಒತ್ತಿದರೆ ಅಭ್ಯಾಸ ಇಲ್ಲದವರ ಗುಂಡು ಕೆಳಗೋ ಪಕ್ಕಕ್ಕೋ ಹೋಗುತ್ತದೆ.

ಸಿಂಧನೂರು ರೈಸ್‌ಮಿಲ್

ಮಾಸ್ತರೇ, ಒಪ್ಪಲ್ಲ ರೀ. ನನ್ನ ಹತ್ತಿರ .32 ಪಿಸ್ತೂಲು ಇದೆ, ಭತ್ತದ ಸೀಸನ್ನಿನಲ್ಲಿ ನಗದು ಹಿಡಿದು ಓಡಾಡುವ ಕಾಲದಿಂದ ಇದೆ. ರಿವಾಲ್ವರ್ ಸಿಲಿಂಡರ್ ದಪ್ಪ, ಅಂಗಿ ಒಳಗೆ ಇಟ್ಟರೆ ಸೊಂಟದಲ್ಲಿ ಗಂಟು ಕಾಣುತ್ತದೆ, ಹಳ್ಳಿಯ ಮಕ್ಕಳೂ ಬೆರಳು ಮಾಡಿ ತೋರಿಸುತ್ತಾರೆ. ಪಿಸ್ತೂಲು ಚಪ್ಪಟೆ. ಕಾರಿನಲ್ಲಿ ಕೂತರೂ ಚುಚ್ಚುವುದಿಲ್ಲ. ಒಂದು ಸಲ ಸ್ಲೈಡ್ ಎಳೆದ ಮೇಲೆ ಟ್ರಿಗರ್ ಹಗುರ. ಇನ್ನೇನು ಬೇಕು?

ಒಂದು ಮಾತು ಮಾತ್ರ ನಿಜ, ತೋಟಾ. ರಿವಾಲ್ವರಿನ .32 ಬೇಕಾದಷ್ಟು ಸಿಗುತ್ತದೆ, ಪಿಸ್ತೂಲಿನ .32 ಕೇಳಿದರೆ ಮುಂದಿನ ತಿಂಗಳು ಬನ್ನಿ ಅನ್ನುತ್ತಾರೆ. ನನ್ನ ಅನುಭವದಲ್ಲಿ ಹಾಗೇ ಆಗಿದೆ. ನಿಮ್ಮ ಕಡೆ ಹೇಗೋ ಗೊತ್ತಿಲ್ಲ.

ಕೋತ್ ಮಾಸ್ತರ, ಕೊಪ್ಪಳ

ಆ ಒಂದು ಮಾತೇ ಸಾಕಲ್ಲ ಸಾಹುಕಾರ್ರೆ, ಅದಕ್ಕಿಂತ ದೊಡ್ಡ ಕಾರಣ ಯಾವುದಿದೆ?

ಹೊಸಬರಿಗೆ ಒಂದು ಎಚ್ಚರಿಕೆ. ಎರಡಕ್ಕೂ .32 ಅಂತಾರೆ, ತೋಟಾ ಬೇರೆ ಬೇರೆ. ರಿವಾಲ್ವರಿನದ್ದು .32 ಸ್ಮಿತ್ ಅಂಡ್ ವೆಸನ್ ಲಾಂಗ್, 1896ರದ್ದು. ಕೇಸು ಉದ್ದ, ತಳದಲ್ಲಿ ಅಂಚು ಹೊರಗೆ ಬಂದಿರುತ್ತದೆ, ಕೆಎಫ್ (ಖಡ್ಕಿ ಕಾರ್ಖಾನೆ) ತೋಟಾದ ಗುಂಡು ಬರೀ ಸೀಸ, ದುಂಡು ಮೂತಿ. ಪಿಸ್ತೂಲಿನದ್ದು 7.65 ಬ್ರೌನಿಂಗ್, ಕೇಸು 17 ಮಿಲಿಮೀಟರ್, ಗುಂಡಿನ ಮೇಲೆ ತಾಮ್ರದ ಹೊದಿಕೆ. ಪಿಸ್ತೂಲಿನ ತೋಟಾ ರಿವಾಲ್ವರ್ ಸಿಲಿಂಡರಿನೊಳಗೆ ಜಾರಿ ಕೂರುತ್ತದೆ, ಕೂತಿತು ಅಂತ ಹಾರಿಸಬಾರದು. ಲೈಸೆನ್ಸ್ ಪುಸ್ತಕದಲ್ಲಿ ಯಾವ ಆಯುಧ ಬರೆದಿದೆಯೋ ಅದರ ಡಬ್ಬಿಯೇ ಅಂತ ಅಂಗಡಿಯಲ್ಲೇ ತೆರೆದು ನೋಡಿ ತಗೊಳ್ಳಿ.

ತೋರಣಗಲ್ಲು ಹುಡುಗ

ಸರಿ, ನನಗೆ ಒಂದು ಅರ್ಥ ಆಗಲಿಲ್ಲ. ಎಲ್ಲರೂ ಸಿಗೋದರ ಬಗ್ಗೆ, ಒರೆಸೋದರ ಬಗ್ಗೆ ಮಾತಾಡುತ್ತಿದ್ದೀರಿ. ಗುಂಡಿನ ಶಕ್ತಿ ಬಗ್ಗೆ ಯಾರೂ ಮಾತಾಡ್ತಿಲ್ಲ. ಲೆಕ್ಕ ನೋಡಿ, .32 ಲಾಂಗ್ ಸುಮಾರು 150 ಜೂಲ್, ಪಿಸ್ತೂಲಿನ .32 ಸುಮಾರು 170, ಅದೇ 9 ಎಂಎಂ 450ಕ್ಕಿಂತ ಮೇಲೆ. ಮೂರು ಪಟ್ಟು ವ್ಯತ್ಯಾಸ. ಮಿಯಾಮಿ ಕಥೆ ಗೊತ್ತಲ್ವಾ? 1986ರ ಏಪ್ರಿಲ್ 11. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಎಂಟು ಜನ ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಆ ದರೋಡೆಕೋರರಲ್ಲಿ ಒಬ್ಬನಿಗೆ ಶುರುವಿನಲ್ಲೇ 9 ಎಂಎಂ ಗುಂಡು ತೋಳಿನ ಮೂಲಕ ಎದೆಗೆ ಹೊಕ್ಕಿತು, ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಅವನು ಆಮೇಲೂ ಹೋರಾಡಿ ಇಬ್ಬರು ಏಜೆಂಟರನ್ನು ಕೊಂದ, ಐವರಿಗೆ ಗಾಯ ಆಯ್ತು. ಅದಾದ ಮೇಲೆ ಎಫ್‌ಬಿಐ 9 ಎಂಎಂ ಸಾಲದು ಅಂತ 10 ಎಂಎಂಗೆ ಹೋಯಿತು, ಅದು ಒದೆಯುವುದು ಜಾಸ್ತಿ ಆಯ್ತು ಅಂತ 1990ರಲ್ಲಿ .40 ಸ್ಮಿತ್ ಅಂಡ್ ವೆಸನ್ ಹುಟ್ಟಿತು. 9 ಎಂಎಂ ಕಥೆಯೇ ಹೀಗಿದ್ದರೆ .32 ಎಲ್ಲಿಗೆ ಸಾಕು?

ರಾಯಚೂರು ಶೂಟರ್

ತಮ್ಮ, ಕಥೆ ಅರ್ಧಕ್ಕೆ ನಿಲ್ಲಿಸಿದ್ದೀಯ. ಮುಂದಿನದ್ದನ್ನೂ ಹೇಳು.

ಮಿಯಾಮಿ ಆದ ಮೇಲೆ ಎಫ್‌ಬಿಐ ಒಂದು ಪರೀಕ್ಷೆ ಕ್ರಮ ಮಾಡಿಕೊಂಡಿತು. ದೇಹದ ಮಾಂಸದಂತೆ ವರ್ತಿಸುವ ಜೆಲಾಟಿನ್ ಗಡ್ಡೆಗೆ ಗುಂಡು ಹಾರಿಸಿ, 12ರಿಂದ 18 ಇಂಚು ಒಳಗೆ ಹೋಗಬೇಕು ಅಂತ ಅಳತೆ ಇಟ್ಟುಕೊಂಡರು. ಬರಿ ಜೆಲಾಟಿನ್ ಅಲ್ಲ, ಮುಂದೆ ದಪ್ಪ ಬಟ್ಟೆ, ಕಾರಿನ ಗಾಜು, ತಗಡು ಇಟ್ಟು ನೋಡಿದರು. ಇದರಿಂದ ತಯಾರಕರು ಗುಂಡನ್ನೇ ಸುಧಾರಿಸಿದರು. ಕೊನೆಗೆ 2014ರಲ್ಲಿ ಅದೇ ಎಫ್‌ಬಿಐ, ಹೊಸ ಗುಂಡುಗಳಲ್ಲಿ .40ಕ್ಕೂ 9 ಎಂಎಂಗೂ ಗಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ, 9 ಎಂಎಂನಲ್ಲಿ ಜನ ಬೇಗ ಮತ್ತು ಗುರಿಯಾಗಿ ಹೊಡೀತಾರೆ ಅಂತ ಹೇಳಿ ಅದಕ್ಕೇ ವಾಪಸ್ ಬಂತು. ಅಂದರೆ ಇಷ್ಟು ದೊಡ್ಡ ಸುತ್ತು ಹಾಕಿ ತಲುಪಿದ್ದು ಎಲ್ಲಿಗೆ? ಕೈಯಲ್ಲಿ ಹಿಡಿತ ಇರುವ ಆಯುಧ, ಒಳಗೆ ಸಾಕಷ್ಟು ಇಳಿಯುವ ಗುಂಡು.

ಇಲ್ಲಿ ನಮಗೆ ಆ ಹೊಸ ಗುಂಡುಗಳ ಆಯ್ಕೆಯೇ ಇಲ್ಲ. ತಮಾಷೆ ಏನು ಅಂದರೆ ದೇಹದೊಳಗೆ ಹರಡಿಕೊಳ್ಳುವ ಇಂಥ ಗುಂಡಿಗಿರುವ ದಮ್‌ದಮ್ ಅನ್ನೋ ಹೆಸರೇ ನಮ್ಮ ದೇಶದ್ದು. ಕೋಲ್ಕತ್ತಾ ಪಕ್ಕದ ದಮ್ ದಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮಾಡಿದ್ದು, 1899ರ ಹೇಗ್ ಘೋಷಣೆಯಲ್ಲಿ ಯುದ್ಧಕ್ಕೆ ನಿಷೇಧ ಆಯ್ತು. ನಮಗೆ ಅಂಗಡಿಯಲ್ಲಿ ಸಿಗೋದು ಕೆಎಫ್ ಡಬ್ಬಿ. ಖಡ್ಕಿ ಕಾರ್ಖಾನೆಯದ್ದು. ಅದರಲ್ಲಿ ಕೆಲಸ ಆಗಬೇಕು ಅಂದರೆ ಗುಂಡು ಬೀಳುವ ಜಾಗವೇ ಮುಖ್ಯ, ಜೂಲ್ ಲೆಕ್ಕ ಅಲ್ಲ.

ನ್ಯೂಯಾರ್ಕ್ ಪೊಲೀಸರು 1896ರಲ್ಲಿ ಎಲ್ಲರಿಗೂ ಒಂದೇ ಥರದ್ದು ಅಂತ ಕೊಟ್ಟಿದ್ದು .32 ಕೋಲ್ಟ್ ರಿವಾಲ್ವರ್. ಆಗ ಅಲ್ಲಿ ಕಮಿಷನರ್ ಆಗಿದ್ದವರು ಥಿಯೋಡರ್ ರೂಸ್‌ವೆಲ್ಟ್, ಮುಂದೆ ಅಧ್ಯಕ್ಷರಾದರು. ಆಮೇಲೆ .38ಗೆ ಹೋದರು, 1993ರಲ್ಲಿ 9 ಎಂಎಂ. .32 ಬಲವಾದದ್ದು ಅಂತ ನಾನು ಹೇಳ್ತಿಲ್ಲ. ದುರ್ಬಲವೇ. ಆದರೆ ಆಟಿಕೆ ಅನ್ನಬೇಡ. ಆ ಮಾತು ಹೇಳಿದವನೇ ಮನೇಲಿ ಅದನ್ನ ಮೇಜಿನ ಮೇಲೆ ಬಿಟ್ಟು ಹೋಗ್ತಾನೆ.

ಕೌಲ್‌ಬಜಾರ್ ನಿವೃತ್ತ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ನನ್ನ ಸರ್ವೀಸಿನ ಅನುಭವವೂ ಅದೇ. ವರ್ಷಕ್ಕೊಮ್ಮೆ ಫೈರಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಎಣಿಸಿ ಗುಂಡು ಕೊಟ್ಟು, ಎಣಿಸಿ ಖಾಲಿ ಕೇಸು ಹಿಂದಕ್ಕೆ ತಗೊಳ್ಳುತ್ತಿದ್ದರು, ಒಂದು ಕೇಸು ಹುಲ್ಲಿನಲ್ಲಿ ಕಾಣೆಯಾದರೆ ಇಡೀ ತಂಡ ಬಗ್ಗಿ ಹುಡುಕಬೇಕು. ಅಷ್ಟು ಸಾಲುವುದಿಲ್ಲ. ಚೆನ್ನಾಗಿ ಹೊಡೆಯುತ್ತಿದ್ದ ಹವಾಲ್ದಾರರೊಬ್ಬರು ರಿವಾಲ್ವರಿನಲ್ಲೇ ಹೊಡೆಯುತ್ತಿದ್ದರು, 13 ಗುಂಡಿನ ಮ್ಯಾಗಜಿನ್ ಕೈಗೆ ಕೊಟ್ಟರೆ ಬೇಡ ಅನ್ನುತ್ತಿದ್ದರು. ನಮ್ಮಂಥವರಿಗೆ 13 ಗುಂಡು ಇದ್ದರೆ ಧೈರ್ಯ ಜಾಸ್ತಿ, ಗುರಿ ಕಮ್ಮಿ.

ಟ್ರಿಗರ್ ಭಾರಕ್ಕೆ ಏನು ಮಾಡೋದು ಹೇಳಿ. ಬಲಗೈ ಹೆಬ್ಬೆರಳಲ್ಲಿ ಸಂಧಿನೋವು ಶುರು ಆಗಿದೆ, ಪ್ರತಿ ಸಲ ಹ್ಯಾಮರ್ ಎಳೆಯುವುದು ನನ್ನಿಂದ ಆಗಲ್ಲ.

ರಾಯಚೂರು ಶೂಟರ್

ಸರ್, ಖಾಲಿ ಆಯುಧದಲ್ಲಿ ಅಭ್ಯಾಸ ಮಾಡಿ. ಗುಂಡಿನ ಡಬ್ಬಿ ಬೇರೆ ಕೋಣೆಯಲ್ಲಿ, ಬೀಗ ಹಾಕಿ. ಸಿಲಿಂಡರ್ ತೆರೆದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ನೋಡಿ. ಸ್ನ್ಯಾಪ್ ಕ್ಯಾಪ್ ಅಂತ ಡಮ್ಮಿ ತೋಟಾ ಬರುತ್ತದೆ, ಅದನ್ನ ತುಂಬಿಕೊಂಡರೆ ಫೈರಿಂಗ್ ಪಿನ್ನಿಗೂ ಪೆಟ್ಟಾಗಲ್ಲ. ಹಿಂದೆ ಇಟ್ಟಿಗೆ ಗೋಡೆ ಇರುವ ಕಡೆ ಒಂದು ಚುಕ್ಕೆ ಹಾಕಿ, ಅದರ ಮೇಲೆ ಮುಂದಿನ ಸೈಟು ಅಲುಗದ ಹಾಗೆ ನಿಧಾನಕ್ಕೆ ಒತ್ತಿ. ಹ್ಯಾಮರ್ ಬಿದ್ದಾಗ ಸೈಟು ಎತ್ತ ಹಾರಿತು ನೋಡಿ, ನಿಮ್ಮ ದೋಷ ಅದೇ ಹೇಳುತ್ತದೆ. .22ನಲ್ಲಿ ಮಾತ್ರ ಹೀಗೆ ಮಾಡಬೇಡಿ, ರಿಮ್‌ಫೈರ್ ಅದು, ಪಿನ್ನು ಚೇಂಬರಿನ ಅಂಚಿಗೇ ಬಡಿಯುತ್ತದೆ.

ಇನ್ನೊಂದು, ಮನೆಯಲ್ಲಿ ಒಂದು ಏರ್ ಪಿಸ್ತೂಲು ಇಟ್ಟುಕೊಳ್ಳಿ. .177, 20 ಜೂಲಿಗಿಂತ ಕಮ್ಮಿ ಇದ್ದರೆ ಲೈಸೆನ್ಸ್ ಬೇಡ. ನಾವು ಕ್ರೀಡೆಗೆ ಹತ್ತು ಮೀಟರಿನಲ್ಲಿ ಹೊಡೆಯೋದು ಅದನ್ನೇ. ತೋಟಾ ಖರ್ಚಿಲ್ಲ, ಸದ್ದಿಲ್ಲ, ಬೆರಳಿಗೆ ಟ್ರಿಗರ್ ಬುದ್ಧಿ ಬರುತ್ತದೆ. ನಿಜವಾದ ಗುಂಡು ಹಾರಿಸಬೇಕು ಅಂದರೆ ರೈಫಲ್ ಕ್ಲಬ್ಬಿಗೇ ಹೋಗಿ, ಹೊಲದಲ್ಲಿ ತೆಂಗಿನಕಾಯಿ ಇಟ್ಟು ಹೊಡೆಯೋ ಶೋಕಿ ಬೇಡ.

ಗಂಗಾವತಿ ಭತ್ತ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಆನೆಗುಂದಿ ಕಡೆ ಚಿರತೆ, ಕರಡಿ ಕಾಟ. ರಾತ್ರಿ ನೀರು ಕಟ್ಟೋಕೆ ಹೋಗಬೇಕು. ಇಂಥ .32 ರಿವಾಲ್ವರ್ ಒಂದಿದ್ದರೆ ಧೈರ್ಯಕ್ಕಾಗುತ್ತಾ?

ಕೋತ್ ಮಾಸ್ತರ, ಕೊಪ್ಪಳ

ಇಲ್ಲ ಯಜಮಾನ್ರೆ. ಕರಡಿಗೆ .32 ತಗುಲಿದರೆ ಅದಕ್ಕೆ ಸಿಟ್ಟು ಬರುತ್ತದೆ ಅಷ್ಟೇ. ಎರಡೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಪಟ್ಟಿಯ ಪ್ರಾಣಿಗಳು, ಆಮೇಲೆ ಕೋರ್ಟು ಅಲೆದಾಟ. ಬ್ಯಾಟರಿ ದೊಡ್ಡದು ತಗೊಳ್ಳಿ, ಒಬ್ಬರೇ ಹೋಗಬೇಡಿ, ಮಾತಾಡ್ತಾ ಹೋಗಿ. ಕಾಡುಹಂದಿಗೆ ಬೆಳೆ ರಕ್ಷಣೆ ಲೈಸೆನ್ಸಿನ ಬಂದೂಕು ಅಂದರೆ ಅದು ಬೇರೆ ವಿಷಯ, ಅದಕ್ಕೆ ಬೇರೆ ಕೇಳಿ.

ಗಾಂಧಿನಗರ ಸೊಸೆ

ನಾನು ಒಂದು ಕೇಳಬಹುದಾ? ನಮ್ಮ ಮಾವನವರೂ ಪೊಲೀಸಿನಲ್ಲಿದ್ದವರು. ನಿವೃತ್ತಿ ಆದ ಮೇಲೆ ರಿವಾಲ್ವರ್ ತಂದರು. ಮೊದಲು ಅಲ್ಮೇರಾ ಮೇಲೆ, ಆಮೇಲೆ ದಿಂಬಿನ ಕೆಳಗೆ, ಆಮೇಲೆ ದೇವರ ಮನೆ ಗೂಡಿನಲ್ಲಿ. ನನಗೆ ಎರಡು ಚಿಕ್ಕ ಮಕ್ಕಳು. ಕೇಳಿದರೆ "ಮೂವತ್ತು ವರ್ಷ ಇಟ್ಟುಕೊಂಡವನಿಗೆ ನೀನು ಹೇಳ್ತೀಯಾ" ಅಂತಾರೆ. ಇಲ್ಲಿ ಎಲ್ಲರೂ ಯಾವುದು ಒಳ್ಳೇದು ಅಂತ ಮಾತಾಡ್ತಿದ್ದೀರಿ, ಎಲ್ಲಿಡಬೇಕು ಅಂತ ಯಾರೂ ಹೇಳಲಿಲ್ಲ. ಕಳ್ಳ ಬರೋದು ಯಾವತ್ತೋ, ಮಕ್ಕಳು ದಿನಾ ಮನೇಲಿರ್ತಾರೆ.

ಕೌಲ್‌ಬಜಾರ್ ನಿವೃತ್ತ

ತಂಗಿ, ನಿಮ್ಮ ಮಾತಿಗೆ ಮೊದಲು ಉತ್ತರ ಕೊಡಬೇಕು. ಠಾಣೆಯಲ್ಲಿ ಆಯುಧ ದಿಂಬಿನ ಕೆಳಗೆ ಇರುವುದಿಲ್ಲ, ಬೀಗ ಇರುವ ಕೋಣೆಯಲ್ಲಿ, ಸರಪಳಿ ಹಾಕಿ, ಹೊರಗೆ ಸೆಂಟ್ರಿ. ಅದನ್ನೇ ಮೂವತ್ತು ವರ್ಷ ನೋಡಿದವರು ಮನೆಗೆ ಬಂದ ಮೇಲೆ ಮರೆಯೋದು ನನಗೂ ಅರ್ಥ ಆಗುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷಿತವಾಗಿ ಇಡುತ್ತೇನೆ ಅಂತ ಲೈಸೆನ್ಸುದಾರನೇ ಹೊಣೆ ಹೊರಬೇಕು. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ, ನಂಬರ್ ಬೀಗ, ನಂಬರು ಒಬ್ಬರಿಗೇ ಗೊತ್ತಿರಬೇಕು. ತೋಟಾ ಬೇರೆ ಪೆಟ್ಟಿಗೆ. ಬೀಗದ ಕೈ ಇರುವ ಪೆಟ್ಟಿಗೆ ಆದರೆ ಆ ಕೈಯನ್ನು ದೇವರ ಮನೆಯಲ್ಲಿ ತೂಗು ಹಾಕುವವರನ್ನೂ ನೋಡಿದ್ದೇನೆ, ಅದರಲ್ಲಿ ಅರ್ಥ ಇಲ್ಲ.

ನೀವು ಮಾವನವರಿಗೆ ನೇರ ಹೇಳೋದಕ್ಕಿಂತ ಅವರ ಜೊತೆಗೆ ಕೆಲಸ ಮಾಡಿದ ಯಾರಾದರೂ ಹಿರಿಯರಿಂದ ಹೇಳಿಸಿ. ನಮ್ಮವರು ಸೊಸೆ ಮಾತು ಕೇಳಲ್ಲ, ಬ್ಯಾಚ್‌ಮೇಟ್ ಮಾತು ಕೇಳ್ತಾರೆ. ಏನು ಮಾಡೋದು.

ಸಂಡೂರು ರಸ್ತೆ

ಇದಕ್ಕೆ ಸೇರಿಸುತ್ತೇನೆ, ನಾನು ಕೋರ್ಟಿನಲ್ಲಿ ಕೆಲಸ ಮಾಡುವವನು. ನಿವೃತ್ತ ಅಧಿಕಾರಿಗಳು ಒಂದು ವಿಷಯ ಮರೆಯುತ್ತಾರೆ. ಡ್ಯೂಟಿಯಲ್ಲಿ ಹಾರಿಸಿದ ಗುಂಡಿಗೆ ಸರ್ಕಾರದ ಅನುಮತಿ ಇಲ್ಲದೆ ಕೇಸು ಮುಂದೆ ಹೋಗುವುದಿಲ್ಲ ಅನ್ನೋ ರಕ್ಷಣೆ ಇತ್ತು. ಹೊಲದ ಮನೆಯಲ್ಲಿ ಹಾರಿಸಿದ ಗುಂಡಿಗೆ ಅದಿಲ್ಲ. ಅಲ್ಲಿ ನೀವು ಬೇರೆ ಎಲ್ಲರ ಹಾಗೆ ಒಬ್ಬ ನಾಗರಿಕ. ಆತ್ಮರಕ್ಷಣೆ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ಕಲಮುಗಳಲ್ಲಿದೆ, ಮೊದಲು ಐಪಿಸಿ 96ರಿಂದ 106 ಇತ್ತಲ್ಲ ಅದೇ. ಎದುರಿನ ಅಪಾಯಕ್ಕೆ ಎಷ್ಟು ಬೇಕೋ ಅಷ್ಟೇ ಬಲ. ಬೇಲಿ ಹಾರಿ ಓಡಿಹೋಗುತ್ತಿರುವ ಮೋಟಾರು ಕಳ್ಳನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಆಗಲ್ಲ.

ಮದುವೆ, ಜಾತ್ರೆಯಲ್ಲಿ ಗಾಳಿಗೆ ಹಾರಿಸೋದಂತೂ 2019ರ ತಿದ್ದುಪಡಿ ಆದ ಮೇಲೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದೇ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಆಯುಧ ಅನ್ನೋದು ಎರಡಕ್ಕೆ ಇಳಿಯಿತು, ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು.

ಸಿಂಧನೂರು ರೈಸ್‌ಮಿಲ್

ಚುನಾವಣೆ ವಿಷಯ ಯಾರೂ ಎತ್ತಲಿಲ್ಲ. ಗ್ರಾಮ ಪಂಚಾಯ್ತಿ, ಎಪಿಎಂಸಿ, ವಿಧಾನಸಭೆ, ಲೋಕಸಭೆ, ಯಾವುದೋ ಒಂದು ಬಂದೇ ಬರುತ್ತದೆ. ನೀತಿಸಂಹಿತೆ ಅಂದ ಕೂಡಲೇ ಆಯುಧ ಜಮಾ ಮಾಡಿ ಅಂತ ನೋಟಿಸು. ಕಳೆದ ಸಲ ನನ್ನದು ವಾಪಸ್ ಬಂದಾಗ ಸ್ಲೈಡಿನ ಮೇಲೆ ಬೆರಳಚ್ಚು ಇದ್ದಹಾಗೇ ತುಕ್ಕು ಕೂತಿತ್ತು, ಐದೂ ಬೆರಳು ಎಣಿಸಬಹುದಿತ್ತು. ಯಾರಿಗೆ ಕೇಳೋದು?

ಕೋತ್ ಮಾಸ್ತರ, ಕೊಪ್ಪಳ

ಕೇಳಿ ಪ್ರಯೋಜನ ಇಲ್ಲ, ಕೊಡುವಾಗಲೇ ನೋಡಿಕೊಳ್ಳಬೇಕು. ಬೆವರಿನ ಉಪ್ಪು ಅದು, ಒರೆಸದೆ ಇಟ್ಟರೆ ಬೇಸಿಗೆಯಲ್ಲೂ ತುಕ್ಕು ತಿನ್ನುತ್ತದೆ. ಜಮಾ ಮಾಡುವ ದಿನ ಬೆಳಗ್ಗೆ ಪೂರ್ತಿ ಒರೆಸಿ, ಬ್ಯಾರೆಲ್ ಒಳಗೂ ಹೊರಗೂ ತೆಳ್ಳಗೆ ಎಣ್ಣೆ, ಎಣ್ಣೆ ಅದ್ದಿದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಚರ್ಮದ ಹೋಲ್‌ಸ್ಟರಿನಲ್ಲಿ ಹಾಕಿ ಕೊಡಬೇಡಿ. ಚರ್ಮ ಹದ ಮಾಡಿದ ರಾಸಾಯನಿಕ, ಅದು ಹೀರಿಕೊಂಡ ತೇವ ಎರಡೂ ಲೋಹಕ್ಕೆ ವೈರಿ. ನಂಬರು, ಮ್ಯಾಗಜಿನ್, ತೋಟಾ ಎಷ್ಟು ಅಂತ ರಸೀದಿಯಲ್ಲಿ ಬರೆಸಿ.

ಸಾಹೇಬ್ರೆ, ನೀವು ಹಳೆ ಚರ್ಮದ ತೋಟಾ ಬೆಲ್ಟು ಇಟ್ಟುಕೊಂಡಿದ್ದರೆ ಅದನ್ನ ಗೂಟಕ್ಕೆ ತೂಗು ಹಾಕಿ, ಬಳಸಬೇಡಿ. ಆ ಲೂಪಿನಲ್ಲಿ ಮಳೆಗಾಲ ಕಳೆದ ಹಿತ್ತಾಳೆ ತೋಟಾ ತೆಗೆದು ನೋಡಿದ್ದೀರಾ? ಚರ್ಮ ಮುಟ್ಟಿದ ಭಾಗದ ಸುತ್ತ ಹಸಿರು ಬೂಷ್ಟು ಉಂಗುರದ ಹಾಗೆ ಕೂತಿರುತ್ತದೆ, ಉಗುರಲ್ಲಿ ಕೆರೆದರೆ ಮೇಣದ ಥರ ಏಳುತ್ತದೆ. ಅಂಥದ್ದನ್ನ ಸಿಲಿಂಡರಿಗೆ ಹಾಕಿದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಒರೆಸಿ ಹಾಕೋಣ ಅನ್ನಬೇಡಿ. ಹಿತ್ತಾಳೆ ಎಷ್ಟು ತಿಂದುಹೋಗಿದೆ ಅಂತ ಮೇಲಿಂದ ಕಾಣಲ್ಲ.

ಬಳ್ಳಾರಿ ಅಂದ ಮೇಲೆ ಧೂಳು. ಅದಿರಿನ ಕೆಂಪು ಧೂಳು ಎಣ್ಣೆ ಜೊತೆ ಸೇರಿದರೆ ಸಾಣೆ ಹಿಡಿಯೋ ಪೇಸ್ಟ್ ಆಗುತ್ತದೆ. ಎಣ್ಣೆ ಜಾಸ್ತಿ ಹಾಕಿದಷ್ಟೂ ಒಳ್ಳೇದು ಅಂತ ಸುರಿದವರ ಪಿಸ್ತೂಲಿನ ಸ್ಲೈಡ್ ತೆಗೆದರೆ ಹಳಿಗಳ ಮೇಲೆ ಕಾವಿ ಬಳಿದ ಹಾಗಿರುತ್ತದೆ. ಬಟ್ಟೆಯಲ್ಲಿ ಎಣ್ಣೆ ತೋರಿಸಿ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿಬಿಡಿ, ಕೈಗೆ ಜಿಡ್ಡು ಹತ್ತಬಾರದು, ಅಷ್ಟು ಸಾಕು.

ರಾಯಚೂರು ಶೂಟರ್

ಆಯುಧಪೂಜೆ ಬಿಟ್ಟಿರಲ್ಲ ಮಾಸ್ತರೇ.

ಕೋತ್ ಮಾಸ್ತರ, ಕೊಪ್ಪಳ

ಅಯ್ಯೋ ಅದನ್ನ ಕೇಳಬೇಡಿ ಅಕ್ಕ. ವರ್ಷಾ ಮಹಾನವಮಿ ದಿನ ರೈಫಲ್ಲು, ಪಿಸ್ತೂಲು, ಎಲ್ಲಾ ಸಾಲಾಗಿ ಇಟ್ಟು ವಿಭೂತಿ, ಅರಿಶಿನ, ಕುಂಕುಮ, ಮೇಲೆ ಚೆಂಡು ಹೂ, ನೀರು ಚಿಮುಕಿಸೋದು. ಭಕ್ತಿ ಇರಲಿ, ನಾನೂ ಕೈ ಮುಗಿಯುತ್ತಿದ್ದೆ. ಆದರೆ ಹದಿನೈದು ದಿನ ನಮಗೆ ಕುಂಕುಮ ತೆಗೆಯೋದೇ ಕೆಲಸ. ಸಿಲಿಂಡರಿಗೂ ಫ್ರೇಮಿಗೂ ನಡುವೆ ಇರುವ ಕೂದಲೆಳೆ ಸಂದಿಯಲ್ಲಿ ಕುಂಕುಮ ಹೊಕ್ಕರೆ ಸಿಲಿಂಡರ್ ತಿರುಗುವಾಗ ತಡವರಿಸುತ್ತದೆ. ಸ್ವಂತದ್ದಕ್ಕೆ ಪೂಜೆ ಮಾಡೋದಾದರೆ ಹಿಡಿಕೆ ಮರದ ಮೇಲೆ ಒಂದು ಬೊಟ್ಟು ಇಡಿ, ಸಂಜೆ ಒರೆಸಿಬಿಡಿ. ದುರ್ಗಮ್ಮ ಬೇಜಾರು ಮಾಡ್ಕೊಳ್ಳಲ್ಲ.

ತೋರಣಗಲ್ಲು ಹುಡುಗ

ಸರ್ ನಿಜವಾಗ್ಲೂ ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಆದರೂ ಕೇಳ್ತೀನಿ, ನಿರ್ಭೀಕ್ ಅಂತ ಒಂದು ಬಂದಿತ್ತಲ್ಲ, ಅದು ಹಗುರ ಅಂತಾರೆ, ಸಂಧಿನೋವಿಗೆ ಅದು ಒಳ್ಳೇದಲ್ವಾ?

ರಾಯಚೂರು ಶೂಟರ್

2014ರಲ್ಲಿ ಹೆಂಗಸರಿಗೆ ಅಂತ ಕಾನ್ಪುರದವರು ತಂದ .32, ಅರ್ಧ ಕೆಜಿ ಆಸುಪಾಸು, ಬೆಲೆ ಆಗಲೇ ಒಂದು ಲಕ್ಷ ದಾಟಿತ್ತು. ನಮ್ಮ ಎಷ್ಟು ಜನ ಹೆಂಗಸರ ಹತ್ತಿರ ಅಷ್ಟು ದುಡ್ಡಿದೆ ಅನ್ನೋದು ಬೇರೆ ಮಾತು. ಹಗುರ ಅಂದರೆ ಇಟ್ಟುಕೊಂಡು ಓಡಾಡೋಕೆ ಸುಖ, ಹಾರಿಸುವಾಗ ಜಾಸ್ತಿ ಎಗರುತ್ತದೆ. ಗುಂಡು ಅದೇ, ತೂಕ ಕಮ್ಮಿ, ಒದೆತ ಕೈಗೇ ಬರಬೇಕಲ್ಲ. ಸಂಧಿನೋವಿದ್ದವರಿಗೆ 700 ಗ್ರಾಮಿನದ್ದೇ ಮೇಲು. ಪ್ರಬಲ್ ಅಷ್ಟಿದೆ.

ಸಿಂಧನೂರು ರೈಸ್‌ಮಿಲ್

ಎಲ್ಲರೂ ಸೇರಿ ರಿವಾಲ್ವರಿಗೆ ಮಾಲೆ ಹಾಕಿಬಿಟ್ಟಿರಿ. ನಾನು ನನ್ನ ಪಿಸ್ತೂಲೇ ಇಟ್ಟುಕೊಳ್ತೇನೆ ರೀ. ಅದರ ಕೈ ನನಗೆ ಗೊತ್ತು, ನನ್ನ ಕೈ ಅದಕ್ಕೆ ಗೊತ್ತು. ತೋಟಾ ಸಿಕ್ಕಾಗ ಲೈಸೆನ್ಸಿನಲ್ಲಿ ಬರೆದಷ್ಟೂ ತಂದಿಡುತ್ತೇನೆ.

ಕೌಲ್‌ಬಜಾರ್ ನಿವೃತ್ತ

ಸಾಹುಕಾರ್ರೆ, ಅದೂ ಸರಿಯೇ. ಇಷ್ಟು ವರ್ಷ ಒಂದರ ಮೇಲೆ ಕೈ ಕೂತ ಮೇಲೆ ಯಾರೋ ಹೇಳಿದರು ಅಂತ ಬದಲಾಯಿಸಬೇಡಿ. ನನಗೆ ಕೈ ಕೂತಿದ್ದು ಎರಡು ಸರ್ಕಾರಿ ಆಯುಧಗಳ ಮೇಲೆ, ಎರಡೂ ಹೋದವು. ಹೊಸದಾಗಿ ಶುರು ಮಾಡೋನು ನಾನು.

ನಾನು ರಿವಾಲ್ವರ್ ಅಂತ ತೀರ್ಮಾನ ಮಾಡಿದೆ. ಪಕ್ಕಕ್ಕೆ ತೆರೆಯುವ ಸಿಲಿಂಡರಿನದ್ದು. ಪಿಸ್ತೂಲು ಕೆಟ್ಟದ್ದು ಅಂತ ಅಲ್ಲ. ನನ್ನ ಡ್ಯೂಟಿ ಪಿಸ್ತೂಲನ್ನು ಚೇಂಬರ್ ಖಾಲಿ ಇಟ್ಟೇ ಓಡಾಡಿಸಿ ಅಭ್ಯಾಸ, ಮೊದಲು ಸ್ಲೈಡ್ ಎಳಿ, ಆಮೇಲೆ ಉಳಿದದ್ದು. ಈ ಕೈಯಲ್ಲಿ ಗಟ್ಟಿ ಸ್ಪ್ರಿಂಗಿನ ಸ್ಲೈಡನ್ನು ರಾತ್ರಿ ನಿದ್ದೆಗಣ್ಣಲ್ಲಿ ಎಳೆಯಲು ಆಗಲ್ಲ, ಚೇಂಬರ್ ತುಂಬಿ ಮನೆಯಲ್ಲಿ ಇಡುವುದಕ್ಕೂ ಮನಸ್ಸಿಲ್ಲ. ಮತ್ತೆ ತೋಟಾ ಸಿಗುವ ಮಾತು ಇದ್ದೇ ಇದೆ. ಸಿಗದ ತೋಟಾದ ಆಯುಧ ತಗೊಂಡು ಶೋಕೇಸಿನಲ್ಲಿ ಇಡೋಕಾಗುತ್ತಾ.

ಎರಡು ಪ್ರಶ್ನೆ ಉಳಿದಿವೆ. ತೋಟಾ ತಂದ ಮೇಲೆ ಎಷ್ಟು ಕಾಲ ನಂಬಬಹುದು? ಚರ್ಮ ಬೇಡ ಅಂದರೆ ಹೋಲ್‌ಸ್ಟರ್ ಯಾವುದು?

ಕೋತ್ ಮಾಸ್ತರ, ಕೊಪ್ಪಳ

ಡಬ್ಬಿ ಮೇಲೆ ತಂದ ತಾರೀಖು ಬರೆಯಿರಿ. ಟ್ರಂಕಿನಲ್ಲಿ, ತಗಡಿನ ಮಾಡಿನ ಕೆಳಗೆ ಇಡಬೇಡಿ, ನಮ್ಮ ಬೇಸಿಗೆಯಲ್ಲಿ ಒಳಗೆ ಕೈ ಇಡೋಕಾಗಲ್ಲ. ಮನೆಯ ತಂಪಾದ ಒಣ ಗೋಡೆ ಕಡೆ ಇಡಿ. ತೋಟಾ ಮೇಲೆ ಎಣ್ಣೆ ತಾಗಿಸಬೇಡಿ, ತಳದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್ ಒಳಗೆ ಇಳಿದರೆ ಸತ್ತುಹೋಗುತ್ತದೆ. ಹಾಗಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಸಿಲಿಂಡರಿನಲ್ಲಿ ತುಂಬಿ ತೆಗೆದು ಮಾಡುತ್ತಿರುವ ಆರನ್ನು ಮಾತ್ರ ವರ್ಷಕ್ಕೊಮ್ಮೆ ಕ್ಲಬ್ಬಿನಲ್ಲಿ ಹಾರಿಸಿ, ಡಬ್ಬಿಯಿಂದ ಹೊಸ ಆರು ತಗೊಳ್ಳಿ. ಖಾಲಿ ಕೇಸು ಎಸೆಯಬೇಡಿ, ಲೆಕ್ಕ ಕೇಳಿದ ದಿನ ಬೇಕಾಗುತ್ತದೆ.

ಹೋಲ್‌ಸ್ಟರ್ ಓಡಾಡುವಾಗ ಚರ್ಮದ್ದೇ ಇರಲಿ, ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಬೇಕು, ಮೇಲೆ ಗುಂಡಿ ಪಟ್ಟಿ ಇರಬೇಕು. ಹೊರಗೆ ಕಾಣುವ ಹಾಗೆ ಕಟ್ಟಬೇಡಿ, ನಿಯಮದಲ್ಲೂ ಹಾಗಿಲ್ಲ. ಮನೆಗೆ ಬಂದ ತಕ್ಷಣ ಆಯುಧ ಹೊರಗೆ ತೆಗೆದು, ಒರೆಸಿ, ಪೆಟ್ಟಿಗೆಗೆ. ಹೋಲ್‌ಸ್ಟರ್ ಬೇರೆ ಗೂಟಕ್ಕೆ. ಒಂದು ತಿಂಗಳು ಬೇಜಾರು ಅನ್ನಿಸುತ್ತದೆ, ಆಮೇಲೆ ಕೈಯೇ ಮಾಡುತ್ತದೆ.

ಗಾಂಧಿನಗರ ಸೊಸೆ

ಮಾವನವರ ಬ್ಯಾಚ್‌ಮೇಟ್ ಒಬ್ಬರಿಗೆ ಫೋನ್ ಮಾಡಿಸಿದೆ. ಪೆಟ್ಟಿಗೆ ತರಿಸಲು ಒಪ್ಪಿದ್ದಾರೆ, ಬೋಲ್ಟ್ ಹಾಕೋಕೆ ಗೋಡೆ ಕೊರೆಯೋದು ಬೇಡ ಅಂತಿದ್ದಾರೆ.

ಕೌಲ್‌ಬಜಾರ್ ನಿವೃತ್ತ

ಗೋಡೆ ಬೇಡ ಅಂದರೆ ನೆಲಕ್ಕೆ ಹಾಕಿಸಿ ತಂಗಿ, ಅಲ್ಮೇರಾ ಒಳಗಿನಿಂದ. ಬೋಲ್ಟ್ ಇಲ್ಲದ ಪೆಟ್ಟಿಗೆ ಅಂದರೆ ಕಳ್ಳನಿಗೆ ಪೆಟ್ಟಿಗೆ ಸಮೇತ ಕೊಟ್ಟ ಹಾಗೆ ಅಂತ ಹೇಳಿ, ಪೊಲೀಸರಿಗೆ ಅದು ಬೇಗ ಅರ್ಥ ಆಗುತ್ತದೆ.